ಕಲ್ಲಚ್ಚಿನ ಜನಕ ಸೆನೆಫೆಲ್ಡರ್

ಅಚ್ಚುಕೂಟದ ಮಾತಿನಲ್ಲಿ ಲಿಥೋ, ಪ್ಲೇಟು, ಆಫ್‌ಸೆಟ್ ಎಂಬ ಪದಗಳು ದಿನವೂ ಕಿವಿಗೆ ಬೀಳುತ್ತವೆ. ಲಿಥೋ ಎಂದರೆ ಗ್ರೀಕ್ ಭಾಷೆಯಲ್ಲಿ ಕಲ್ಲು. ಇಂದಿನ ಯಂತ್ರದಲ್ಲಿ ಕಲ್ಲಿನ ಚೂರೂ ಇಲ್ಲ. ಹೆಸರು ಮಾತ್ರ ಉಳಿದಿದೆ. ಆ ಹೆಸರಿನ ಹಿಂದಿರುವವನು ಆಲೊಯಿಸ್ ಸೆನೆಫೆಲ್ಡರ್.

ಇವನು 1771ರಲ್ಲಿ ಪ್ರಾಗ್ ನಗರದಲ್ಲಿ ಜನಿಸಿದನು. ತಂದೆ ರಂಗಭೂಮಿಯ ನಟ. ಇಂಗೊಲ್‌ಸ್ಟಾಟ್‌ನಲ್ಲಿ ಕಾನೂನು ಓದುತ್ತಿದ್ದ ಸೆನೆಫೆಲ್ಡರ್ ಇಪ್ಪತ್ತರ ಪ್ರಾಯದಲ್ಲಿ ತಂದೆಯನ್ನು ಕಳೆದುಕೊಂಡನು. ತಾಯಿಯೂ ಒಡಹುಟ್ಟಿದವರೂ ಇವನ ಕೈನೋಡುವಂತಾಯಿತು. ಓದು ಅಲ್ಲಿಗೇ ನಿಂತಿತು. ನಮ್ಮ ವಯಸ್ಸಿನವನ ಕಥೆಯಿದು ಎಂದು ಆ ಪುಟವನ್ನು ನಾನು ಎರಡು ಬಾರಿ ಓದಿದೆನು.

ಹೊಟ್ಟೆಪಾಡಿಗೆ ನಾಟಕ ಬರೆದನು. ಅಚ್ಚು ಹಾಕಿಸುವ ಖರ್ಚಿನಿಂದ ಸಾಲವೇ ಉಳಿಯಿತು. ಹಾಗಾದರೆ ತಾನೇ ಏಕೆ ಅಚ್ಚು ಹಾಕಬಾರದು? ಅಚ್ಚುಮೊಳೆ ಕೊಳ್ಳಲು ಹಣವಿಲ್ಲ. ತಾಮ್ರದ ತಗಡಿನ ಮೇಲೆ ಅಕ್ಷರಗಳನ್ನು ತಿರುಗುಮುರುಗಾಗಿ ಬರೆಯಲು ಕಲಿತನು, ತಾಮ್ರವೂ ದುಬಾರಿ. ಕೊನೆಗೆ ಬವೇರಿಯದಲ್ಲಿ ಸಿಗುವ ನಯವಾದ ಸುಣ್ಣಕಲ್ಲಿನ ಮೇಲೆ ಕೈ ಪಳಗಿಸತೊಡಗಿದನು. 1796ರಲ್ಲಿ ಒಂದು ದಿನ ತಾಯಿ ಅಗಸಗಿತ್ತಿಗೆ ಹಾಕುವ ಬಟ್ಟೆಗಳ ಪಟ್ಟಿ ಬರೆ ಎಂದಳಂತೆ. ಕಾಗದ ಸಿಗಲಿಲ್ಲ. ಮೇಣ, ಸಾಬೂನು, ದೀಪದ ಮಸಿ ಕಲಸಿದ ಶಾಯಿಯಿಂದ ಕಲ್ಲಿನ ಮೇಲೆಯೇ ಬರೆದನು. ಬಳಿಕ ಅದರ ಮೇಲೆ ಆಮ್ಲ ಸುರಿದಾಗ ಸುತ್ತಲಿನ ಕಲ್ಲು ಸವೆದು ಅಕ್ಷರಗಳು ಉಬ್ಬಿ ನಿಂತವು.

ದಾರಿ ತೋರಿತು, ಬಂಡವಾಳವೆಲ್ಲಿ? ಬೇರೊಬ್ಬನ ಬದಲು ಸೈನ್ಯ ಸೇರಿದರೆ 200 ಗುಲ್ಡನ್ ದೊರೆಯುವುದೆಂದು ತನ್ನನ್ನೇ ಮಾರಿಕೊಳ್ಳಲು ಹೊರಟನು. ಪ್ರಾಗ್‌ನಲ್ಲಿ ಹುಟ್ಟಿದ ಪರದೇಶಿಯೆಂದು ಸೈನ್ಯವೂ ಇವನನ್ನು ಬೇಡವೆಂದಿತು! ಆಗ ಗ್ಲೈಸ್ನರ್ ಎಂಬ ಆಸ್ಥಾನ ಸಂಗೀತಗಾರನು ಜೊತೆಗೂಡಿದನು; ಇಬ್ಬರೂ ಸಂಗೀತದ ಹಾಳೆಗಳನ್ನು ಅಚ್ಚು ಹಾಕಿದರು.

ನಿಜವಾದ ಶೋಧ 1798ರ ಹೊತ್ತಿಗೆ ಕೈಗೂಡಿತು. ಅಲ್ಲಿಯವರೆಗಿನ ಅಚ್ಚಿಗೆ ಅಕ್ಷರ ಉಬ್ಬಿರಬೇಕು, ಇಲ್ಲವೇ ಕೊರೆದಿರಬೇಕು. ಇಲ್ಲಿ ಎರಡೂ ಬೇಡ, ಕಲ್ಲು ಸಮತಟ್ಟು. ಜಿಡ್ಡಿನ ಶಾಯಿಯಲ್ಲಿ ಬರೆದು, ಅಂಟು ಮತ್ತು ತೆಳು ಆಮ್ಲ ಸವರಿ, ನೀರಿನಿಂದ ಒದ್ದೆ ಮಾಡಬೇಕು. ಜಿಡ್ಡಿನ ಗೆರೆಗಳು ನೀರನ್ನು ಒಲ್ಲವು. ಬರಿಯ ಕಲ್ಲು ನೀರು ಹಿಡಿದು ಶಾಯಿಯನ್ನು ದೂರವಿಡುತ್ತದೆ. ಉರುಳೆ ಎಳೆದಾಗ ಶಾಯಿ ಬರೆಹಕ್ಕೆ ಮಾತ್ರ ಅಂಟುತ್ತದೆ. ನಮ್ಮ ಅಡಿಗೆಮನೆಯಲ್ಲಿ ಎಣ್ಣೆಯೂ ನೀರೂ ಬೆರೆಯದಿರುವುದನ್ನು ಯಾರು ಕಂಡಿಲ್ಲ! ಆಫ್‌ಸೆಟ್ಟಿನ ಪ್ಲೇಟು ಸಾಮಾನ್ಯವಾಗಿ ನಡೆಯುವುದೂ ಇದೇ ಗುಣದಿಂದ. ಅಲ್ಲಿ ಪ್ಲೇಟಿನ ಗುರುತು ಮೊದಲು ರಬ್ಬರ್ ಹೊದಿಕೆಗೆ, ಅದರಿಂದ ಕಾಗದಕ್ಕೆ ಇಳಿಯುವುದರಿಂದ ಪ್ಲೇಟಿನ ಅಕ್ಷರಗಳು ನೇರವಾಗಿಯೇ ಇರುತ್ತವೆ.

ಬವೇರಿಯ ಸರಕಾರ 1799ರಲ್ಲಿ ಹಕ್ಕು ಕೊಟ್ಟಿತು. 1818ರಲ್ಲಿ ತನ್ನ ವಿದ್ಯೆಯನ್ನೆಲ್ಲ ಮುಚ್ಚಿಡದೆ ಪುಸ್ತಕವಾಗಿ ಹೊರತಂದನು. 1834ರಲ್ಲಿ ಮ್ಯೂನಿಕ್‌ನಲ್ಲಿ ತೀರಿಕೊಂಡನು. ಒಂಬತ್ತು ವರ್ಷಗಳ ತರುವಾಯ, 1843ರ ಜುಲೈ ತಿಂಗಳಲ್ಲಿ, ಹೆರ್ಮನ್ ಮೋಗ್ಲಿಂಗ್ ಮಂಗಳೂರಿನ ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದನು. ಕನ್ನಡದ ಮೊದಲ ಪತ್ರಿಕೆ ಅದು.