ರಾಜ್ಯ ಹೋಯಿತು, ಕೋವಿ ಉಳಿಯಿತು

ಹಳೆಯ ಇಂಗ್ಲಿಷ್ ಜೋಡುನಳಿಗೆ ಕೋವಿ ಕೊಳ್ಳುವ ಅನುಭವಸ್ಥರು ಅದರ ಹೊಳಪಿಗೆ ಮರುಳಾಗುವುದಿಲ್ಲ. ನಳಿಗೆಯ ಒಳಗೋಡೆ ಎಷ್ಟು ಸವೆದಿದೆ, ಕೀಲು ಸಡಿಲವಾಗಿದೆಯೇ, ಅದರ ಮೇಲಿರುವ ಪರೀಕ್ಷಾ ಮುದ್ರೆ ಹಳೆಯ ಕಪ್ಪು ಮದ್ದಿಗೆ ಬಿದ್ದದ್ದೋ ಹೊಗೆಯಿಲ್ಲದ ಹೊಸ ಮದ್ದಿಗೋ ಎಂದು ನೋಡುತ್ತಾರೆ. ತೋಟಾ ಕೂರುವ ಜಾಗ ಅಳೆಯುತ್ತಾರೆ. ಹಳೆಯವುಗಳಲ್ಲಿ ಅದು ಸಾಮಾನ್ಯವಾಗಿ ಎರಡೂವರೆ ಇಂಚು. ಇಂದಿನ ಉದ್ದನೆಯ ತೋಟಾ ಅದಕ್ಕೆ ಹಾಕಿದರೆ ಅಪಾಯ. ಇದೆಲ್ಲ ಆದ ಮೇಲೆ ಕ್ರಮಸಂಖ್ಯೆ ಹುಡುಕುತ್ತಾರೆ. ಲಂಡನ್ನಿನ ಪರ್ಡಿಯಂಥ ಕಂಪನಿಗಳು ತಾವು ಮಾಡಿದ ಕೋವಿಗಳ ಲೆಕ್ಕವನ್ನು ಲೆಡ್ಜರುಗಳಲ್ಲಿ ಬರೆದಿಟ್ಟಿವೆ. ಸಂಖ್ಯೆ ಸಿಕ್ಕರೆ ಅದನ್ನು ಮೊದಲು ಮಾಡಿಸಿಕೊಂಡವರು ಯಾರು ಎಂದು ತಿಳಿಯುತ್ತದೆ. ಹೆಸರು ದೊಡ್ಡದಾದರೆ ಬೆಲೆಯೂ ದೊಡ್ಡದು.

ಹಾಗೆ ಬೆಲೆ ಏರಿಸುವ ಹೆಸರುಗಳಲ್ಲಿ ಒಂದು ಭಾರತೀಯನದು: ಮಹಾರಾಜಾ ದುಲೀಪ್ ಸಿಂಗ್. ಊರು ಬಿಟ್ಟು ಬದುಕು ಕಟ್ಟಿಕೊಂಡ ನಮ್ಮಂಥವರು ಒಮ್ಮೆ ಓದಬೇಕಾದ ಬದುಕು ಅವನದು.

ಪಂಜಾಬಿನ ಸಿಂಹ ರಣಜಿತ್ ಸಿಂಗನ ಕಿರಿಯ ಮಗ ದುಲೀಪ್ ಹುಟ್ಟಿದ್ದು 1838ರ ಸೆಪ್ಟೆಂಬರಿನಲ್ಲಿ, ಲಾಹೋರಿನಲ್ಲಿ. ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡ. ನಂತರದ ನಾಲ್ಕು ವರ್ಷ ದರ್ಬಾರಿನಲ್ಲಿ ಕೊಲೆಗಳ ಸರಣಿ. 1843ರಲ್ಲಿ ಐದು ವರ್ಷದ ಹುಡುಗನನ್ನು ಸಿಂಹಾಸನದ ಮೇಲೆ ಕೂರಿಸಿ, ತಾಯಿ ಜಿಂದ್ ಕೌರ್ ಅವನ ಪರವಾಗಿ ರಾಜ್ಯ ನಡೆಸಿದಳು. ಈಸ್ಟ್ ಇಂಡಿಯಾ ಕಂಪನಿಯೊಡನೆ ಎರಡು ಯುದ್ಧಗಳಾದವು. ಮೊದಲನೆಯದರ ನಂತರ ತಾಯಿಯನ್ನು ಮಗನಿಂದ ಬೇರೆ ಮಾಡಿ ದೂರ ಕಳಿಸಿದರು. ಎರಡನೆಯದು ಮುಗಿದಾಗ, 1849ರ ಮಾರ್ಚ್ 29ರಂದು, ಹತ್ತು ವರ್ಷದ ಬಾಲಕನಿಂದ ರಾಜ್ಯವನ್ನು ಬರೆಸಿಕೊಂಡರು. ಕೊಹಿನೂರ್ ವಜ್ರವೂ ಆ ಕಾಗದದಲ್ಲೇ ಹೋಯಿತು. ಅವನಿಗೂ ಅವನ ಆಶ್ರಿತರಿಗೂ ಸೇರಿ ವರ್ಷಕ್ಕೆ ನಾಲ್ಕರಿಂದ ಐದು ಲಕ್ಷ ರೂಪಾಯಿ ಪಿಂಚಣಿ ಎಂದಾಯಿತು.

ಹುಡುಗನನ್ನು ಗಂಗೆಯ ದಡದ ಫತೇಗಢಕ್ಕೆ ಒಯ್ದು ಜಾನ್ ಲಾಗಿನ್ ಎಂಬ ಸ್ಕಾಟಿಷ್ ವೈದ್ಯನ ವಶಕ್ಕೆ ಕೊಟ್ಟರು. ಸುತ್ತ ಇಂಗ್ಲಿಷ್ ಮಾತು, ಇಂಗ್ಲಿಷ್ ಪುಸ್ತಕ. ಹುಡುಗನಿಗೆ ಡೇಗೆಯ ಬೇಟೆಯ ಹುಚ್ಚು ಮಾತ್ರ ಲಾಹೋರಿನಿಂದಲೇ ಬಂದದ್ದು. 1853ರಲ್ಲಿ ಅವನು ಕ್ರೈಸ್ತನಾದ. ಉದ್ದ ಕೂದಲು ಅದಕ್ಕೂ ಮೊದಲೇ ಹೋಗಿತ್ತು. ಮರುವರ್ಷ ಇಂಗ್ಲೆಂಡಿಗೆ ಹೊರಟ.

ಅಲ್ಲಿ ರಾಣಿ ವಿಕ್ಟೋರಿಯಾ ಅವನನ್ನು ಮನೆಯ ಹುಡುಗನಂತೆ ಕಂಡಳು. ಆಸ್ಥಾನದ ಚಿತ್ರಕಾರ ವಿಂಟರ್‌ಹಾಲ್ಟರನಿಂದ ಅವನ ಆಳೆತ್ತರದ ಚಿತ್ರ ಬರೆಸಿದಳು. ಅದೇ ಹೊತ್ತಿನಲ್ಲಿ ಅರಮನೆಯಲ್ಲಿ ಕೊಹಿನೂರನ್ನು ತಂದು ಅವನ ಕೈಗಿತ್ತರು. ಸುಮಾರು 186 ಕ್ಯಾರೆಟ್ ಇದ್ದ ವಜ್ರ ಲಂಡನ್ನಿನಲ್ಲಿ ಮರುಸಾಣೆಯಾಗಿ 105ರ ಆಸುಪಾಸಿಗೆ ಇಳಿದಿತ್ತು. ಹದಿನೈದರ ಹುಡುಗ ಅದನ್ನು ಬೆಳಕಿಗೆ ಹಿಡಿದು ನೋಡಿ ರಾಣಿಯ ಕೈಗೇ ಮರಳಿ ಕೊಟ್ಟ. ಕೊಡದೆ ಬೇರೆ ಏನು ಮಾಡಬಹುದಿತ್ತು?

ಇಲ್ಲಿ ನಮ್ಮ ಕೊಡಗಿನ ಎಳೆಯೊಂದು ಬಂದು ಸೇರುತ್ತದೆ. 1834ರಲ್ಲಿ ಕೊಡಗನ್ನು ಕಳೆದುಕೊಂಡ ಚಿಕ್ಕ ವೀರರಾಜೇಂದ್ರ ಕಾಶಿಯಲ್ಲಿದ್ದು, 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಕಂಪನಿಯಲ್ಲಿ ಸಿಕ್ಕಿಬಿದ್ದಿದ್ದ ತನ್ನ ಹಣಕ್ಕಾಗಿ ಅವನು ದಾವೆ ಹೂಡಿದವನು. ಗೌರಮ್ಮನ ದೀಕ್ಷಾಸ್ನಾನಕ್ಕೆ ರಾಣಿಯೇ ಧರ್ಮಮಾತೆ. ಹುಡುಗಿ ವಿಕ್ಟೋರಿಯಾ ಗೌರಮ್ಮಳಾದಳು. ರಾಜ್ಯ ಕಳೆದುಕೊಂಡ ಇಬ್ಬರು ರಾಜರ ಮಕ್ಕಳು, ಇಬ್ಬರೂ ಕ್ರೈಸ್ತರು. ಅವರಿಬ್ಬರ ಮದುವೆಯಾಗಲಿ ಎಂಬುದು ರಾಣಿಯ ಆಸೆ. ದುಲೀಪ್ ಒಪ್ಪಲಿಲ್ಲ, ಸ್ನೇಹ ಮಾತ್ರ ಉಳಿಯಿತು. ಗೌರಮ್ಮ 1860ರಲ್ಲಿ ಲಾಗಿನ್‌ನ ಹೆಂಡತಿಯ ಸಹೋದರ ಕರ್ನಲ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾಗಿ, ಒಂದು ಹೆಣ್ಣು ಮಗುವನ್ನು ಬಿಟ್ಟು, 1864ರಲ್ಲಿ ಇನ್ನೂ ಹರೆಯದಲ್ಲೇ ತೀರಿಕೊಂಡಳು.

ದುಲೀಪ್ ಅಷ್ಟರಲ್ಲಿ ಬೇಟೆಗಾರನಾಗಿದ್ದ. ಸ್ಕಾಟ್ಲೆಂಡಿನ ಮೆಂಜೀಸ್ ಕೋಟೆಯಲ್ಲಿ ಬಾಡಿಗೆಗಿದ್ದಾಗ ಸುತ್ತಲ ಜನ ಅವನನ್ನು ಪರ್ತ್‌ಶೈರಿನ ಕಪ್ಪು ರಾಜಕುಮಾರ ಎಂದು ಕರೆಯುತ್ತಿದ್ದರು. ಆ ಕಾಲದ ಇಂಗ್ಲಿಷ್ ಶ್ರೀಮಂತನಿಗೆ ಹಕ್ಕಿ ಬೇಟೆ ಬರಿಯ ಮೋಜಲ್ಲ. ಯಾರ ಎಸ್ಟೇಟಿಗೆ ಯಾರನ್ನು ಕರೆಯುತ್ತಾರೆ, ಸಾಲಿನಲ್ಲಿ ಯಾರ ಪಕ್ಕ ಯಾರನ್ನು ನಿಲ್ಲಿಸುತ್ತಾರೆ ಎಂಬುದರಲ್ಲಿ ಅವನ ಅಂತಸ್ತು ತಿಳಿಯುತ್ತಿತ್ತು. ಕೋವಿ ಆ ಬಾಗಿಲಿನ ಚೀಟಿ.

ಆ ಚೀಟಿ ಅಗ್ಗವಾಗಿರಲಿಲ್ಲ. ಪರ್ಡಿಯಲ್ಲಿ ಸಿದ್ಧ ಕೋವಿ ಆರಿಸಿಕೊಂಡು ಹೋಗುವ ವ್ಯವಹಾರವಲ್ಲ, ದರ್ಜಿಯ ಹತ್ತಿರ ಕೋಟು ಹೊಲಿಸಿದಂತೆ. ತೋಳಿನ ಉದ್ದ, ಭುಜದ ಅಗಲ, ಗುರಿಗೆ ಬಳಸುವ ಕಣ್ಣು ಯಾವುದು, ಎಲ್ಲ ನೋಡಿ ಆಕ್ರೋಟು ಮರದ ಹಿಂಭಾಗವನ್ನು ಅದಕ್ಕೆ ತಕ್ಕಂತೆ ಬಾಗಿಸಿ ಕೆತ್ತುತ್ತಾರೆ. ತಿಂಗಳುಗಟ್ಟಲೆ ಕೆಲಸ. ದುಲೀಪ್ ಸಿಂಗನ ಪಾಲಿಗೆ ಕಾಲವೂ ಕೂಡಿಬಂದಿತ್ತು. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಹೋಗಿ, ಮಡಚಿ ಹಿಂದಿನಿಂದ ತೋಟಾ ಹಾಕುವ ಕೋವಿ ಬರುತ್ತಿದ್ದ ದಶಕಗಳವು. ಮಡಚಿದ ನಳಿಗೆಯನ್ನು ಬಿಗಿಯಾಗಿ ಹಿಡಿಯುವ ಪರ್ಡಿಯ ಜೋಡಿ ಚಿಲಕಕ್ಕೆ 1863ರಲ್ಲಿ ಪೇಟೆಂಟ್ ಸಿಕ್ಕಿತು. ಇಂದಿಗೂ ಲೋಕದ ಎಷ್ಟೋ ಜೋಡುನಳಿಗೆಗಳಲ್ಲಿ ಇರುವುದು ಅದೇ. ಕೋವಿಯನ್ನು ಒಂದೇ ಅಳತೆಯ ಜೊತೆಯಾಗಿ ಕೊಳ್ಳುವ ರೂಢಿ ಬಂತು. ಆಳುಗಳು ಪೊದೆ ಬಡಿದು ಎಬ್ಬಿಸಿದ ಹಕ್ಕಿಗಳು ತಲೆಯ ಮೇಲೆ ಹಾರಿ ಬರುವಾಗ ಒಂದರಲ್ಲಿ ಹೊಡೆಯುತ್ತಿದ್ದರೆ, ಹಿಂದೆ ನಿಂತ ಸಹಾಯಕ ಇನ್ನೊಂದಕ್ಕೆ ತೋಟಾ ತುಂಬಿ ಕೈಗೆ ಕೊಡುತ್ತಾನೆ.

ಬೇಟೆಗೆ ತಕ್ಕ ನೆಲವೂ ಬೇಕಿತ್ತು. 1863ರಲ್ಲಿ ದುಲೀಪ್ ಸಿಂಗ್ ನಾರ್ಫೋಕ್ ಮತ್ತು ಸಫೋಕ್ ಗಡಿಯ ಎಲ್ವೆಡನ್ ಎಸ್ಟೇಟನ್ನು ಸಾಲ ಮಾಡಿ ಕೊಂಡ. 17,000 ಎಕರೆ, ಮರಳು ನೆಲ, ಬೇಸಾಯಕ್ಕೆ ಬಡವಾದರೂ ಬೇಟೆಗೆ ಹೇಳಿ ಮಾಡಿಸಿದ್ದು. ಕೆಲವೇ ವರ್ಷಗಳಲ್ಲಿ ಅದು ಇಂಗ್ಲೆಂಡಿನ ಹೆಸರುವಾಸಿ ಬೇಟೆಯ ತಾಣವಾಯಿತು; ಯುವರಾಜನೇ ಬರುವಂತಾಯಿತು. ಮನೆಯನ್ನು ಹೊರಗಿನಿಂದ ಇಂಗ್ಲಿಷ್ ಬಂಗಲೆಯಂತೆ, ಒಳಗೆ ಲಾಹೋರಿನ ಅರಮನೆ ನೆನಪಿಸುವ ಗಾರೆ ಕೆತ್ತನೆ ಮತ್ತು ಕನ್ನಡಿ ಕೆಲಸದೊಂದಿಗೆ ಕಟ್ಟಿಸಿದ. ಅವನ ಗುರಿಯ ಲೆಕ್ಕಗಳು ಬೇಟೆಗಾರರ ಬಾಯಲ್ಲಿ ಇಂದಿಗೂ ಇವೆ: 1871ರಲ್ಲಿ ಸ್ಕಾಟ್ಲೆಂಡಿನಲ್ಲಿ ಒಂದೇ ದಿನ 440 ಗ್ರೌಸ್ ಹಕ್ಕಿ, 1876ರಲ್ಲಿ ಎಲ್ವೆಡನ್‌ನಲ್ಲಿ 1000 ತೋಟಾಗಳಿಗೆ 780 ಕೌಜುಗ. ದೇಶದ ಅತ್ಯುತ್ತಮ ಗುರಿಕಾರರ ಪಟ್ಟಿಯಲ್ಲಿ ಅವನಿಗೆ ನಾಲ್ಕನೆಯ ಸ್ಥಾನ ಕೊಡುತ್ತಿದ್ದರು. ಇಂದು ಆ ಸಂಖ್ಯೆಗಳನ್ನು ಓದಿದರೆ ಮೆಚ್ಚುಗೆಗಿಂತ ಮೊದಲು ಸಂಕಟವಾಗುತ್ತದೆ. ಆದರೆ ಅಲ್ಲಿ ಅವನನ್ನು ಅಳೆಯುತ್ತಿದ್ದ ಗಜಕಡ್ಡಿ ಅದೊಂದೇ, ಆ ಅಳತೆಯಲ್ಲಿ ಅವನು ಯಾರಿಗೂ ಕಡಿಮೆಯಿರಲಿಲ್ಲ.

ಇದರ ನಡುವೆ ತಾಯಿ ಮರಳಿ ಸಿಕ್ಕಿದ್ದಳು. 1861ರ ಜನವರಿಯಲ್ಲಿ, ಹದಿಮೂರು ವರ್ಷಗಳ ಮೇಲೆ, ಕಲ್ಕತ್ತದ ಸ್ಪೆನ್ಸಸ್ ಹೋಟೆಲಿನಲ್ಲಿ ಭೇಟಿ. ಆಕೆಗೆ ಕಣ್ಣು ಬಹುಪಾಲು ಕಾಣುತ್ತಿರಲಿಲ್ಲ. ಚೀನಾದ ಯುದ್ಧದಿಂದ ಮರಳುತ್ತಿದ್ದ ಸಿಖ್ ಸೈನಿಕರು ಸುದ್ದಿ ತಿಳಿದು ಹೋಟೆಲಿನ ಮುಂದೆ ಜಮಾಯಿಸಿದರು. ಸರ್ಕಾರ ಬೆಚ್ಚಿಬಿದ್ದು ತಾಯಿ ಮಗನನ್ನು ಬೇಗನೆ ಹಡಗು ಹತ್ತಿಸಿತು. ಎರಡು ವರ್ಷ ಜೊತೆಯಲ್ಲಿದ್ದು, 1863ರ ಆಗಸ್ಟಿನಲ್ಲಿ ಆಕೆ ಲಂಡನ್ನಿನಲ್ಲಿ ಕಣ್ಣು ಮುಚ್ಚಿದಳು. ಅಲ್ಲಿ ಶವ ಸುಡುವಂತಿರಲಿಲ್ಲ. ತಿಂಗಳುಗಟ್ಟಲೆ ಸ್ಮಶಾನದಲ್ಲಿ ಇರಿಸಿ, ಮರುವರ್ಷ ಮಗ ಭಾರತಕ್ಕೆ ತಂದ. ಪಂಜಾಬಿಗೆ ಹೋಗಲು ಅಪ್ಪಣೆಯಿಲ್ಲ. ಮುಂಬೈಯಿಂದ ನಾಸಿಕಕ್ಕೆ ಒಯ್ದು ಗೋದಾವರಿಯ ದಡದಲ್ಲಿ ಸಂಸ್ಕಾರ ಮಾಡಿದ. ಮುಂಬೈ, ಪುಣೆಯಿಂದ ಪಂಚವಟಿಗೆ ಹೋಗಿಬರುವ ನಮ್ಮವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಮರಳುವ ದಾರಿಯಲ್ಲಿ ಈಜಿಪ್ಟಿನಲ್ಲಿ ಬಾಂಬಾ ಮುಲ್ಲರ್ ಎಂಬ ಹುಡುಗಿಯನ್ನು ಮದುವೆಯಾದ.

ತಾಯಿ ಹೋದರೂ ಅವಳು ಹೇಳಿದ ಮನೆತನದ ಆಸ್ತಿಯ ಕಥೆ ತಲೆಯಲ್ಲಿ ಉಳಿಯಿತು. ಎಸ್ಟೇಟಿನ ಖರ್ಚು, ಸಾಲದ ಬಡ್ಡಿ, ಆರು ಮಕ್ಕಳು, ಪಿಂಚಣಿ ಸಾಲದಾಯಿತು. ದುಲೀಪ್ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯದಲ್ಲಿ ಕೂತು ಪಂಜಾಬಿನ ಕಡತಗಳನ್ನು ಓದಿದ. ತಂದೆಯ ಖಾಸಗಿ ಜಮೀನು, ಉಪ್ಪಿನ ಗಣಿಗಳ ಲೆಕ್ಕ ಹಾಕಿದ. ಮೈನರ್ ಹುಡುಗನ ಪಾಲಕನಾಗಿದ್ದವನೇ ಅವನ ಆಸ್ತಿ ನುಂಗಬಹುದೇ ಎಂಬುದು ಅವನ ವಾದದ ತಿರುಳು. 1882ರಲ್ಲಿ ಟೈಮ್ಸ್ ಪತ್ರಿಕೆಗೆ ಬರೆದ. ಪತ್ರಿಕೆ ಅದನ್ನು ಅಚ್ಚು ಹಾಕಿ, ಜೊತೆಗೇ ತಳ್ಳಿಹಾಕಿತು. ಅದೇ ವರ್ಷದ ಕಾಯ್ದೆಯೊಂದು, ಅವನು ಸತ್ತ ಮೇಲೆ ಸಾಲ ತೀರಿಸಲು ಎಲ್ವೆಡನ್ ಮಾರಬೇಕು ಎಂದು ಗೊತ್ತುಮಾಡಿತು. ಕೋವಿ ಹಿಡಿದು ಸಾಲಿನಲ್ಲಿ ನಿಂತಾಗ ಅವನು ಸಮಾನ. ಲೆಕ್ಕ ಕೇಳಿದಾಗ ಪಿಂಚಣಿದಾರ.

1886ರ ಮಾರ್ಚ್ ಕೊನೆಗೆ ಹೆಂಡತಿ ಮಕ್ಕಳೊಡನೆ ಭಾರತಕ್ಕೆ ಹೊರಟ. ಏಡನ್‌ನಲ್ಲಿ ತಡೆದರು. ಅಲ್ಲೇ, ಮೇ ತಿಂಗಳಲ್ಲಿ, ಅಮೃತ ಸ್ವೀಕರಿಸಿ ಮತ್ತೆ ಸಿಖ್ಖನಾದ. ಮನೆಯವರು ಇಂಗ್ಲೆಂಡಿಗೆ ಮರಳಿದರು, ಅವನು ಪ್ಯಾರಿಸ್ಸಿಗೆ. ರಷ್ಯಾದ ಚಕ್ರವರ್ತಿ ಸಹಾಯ ಮಾಡಿಯಾನೆಂದು ಬೇರೊಬ್ಬನ ಹೆಸರಿನ ಪಾಸ್‌ಪೋರ್ಟಿನಲ್ಲಿ ಮಾಸ್ಕೋವರೆಗೆ ಹೋದ. ಯಾರೂ ಸೈನ್ಯ ಕೊಡಲಿಲ್ಲ. ಅತ್ತ 1887ರಲ್ಲಿ ಬಾಂಬಾ ತೀರಿಕೊಂಡಳು. ಪಾರ್ಶ್ವವಾಯು ಬಡಿದ ಮೇಲೆ, 1891ರಲ್ಲಿ ಫ್ರಾನ್ಸಿನ ಗ್ರಾಸ್ ಊರಿನಲ್ಲಿ ವಿಕ್ಟೋರಿಯಾಳನ್ನು ಕಂಡು ಕ್ಷಮೆ ಪಡೆದ. 1893ರ ಅಕ್ಟೋಬರ್ 22ರಂದು ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ಸತ್ತ. ಎಲ್ವೆಡನ್ ಚರ್ಚಿನ ಅಂಗಳದಲ್ಲಿ ಕ್ರೈಸ್ತ ವಿಧಿಯಂತೆ ಮಣ್ಣು ಮಾಡಿದರು. ಮರುವರ್ಷ ಎಸ್ಟೇಟು ಗಿನ್ನೆಸ್ ಮನೆತನದ ಪಾಲಾಯಿತು. ಬೇಟೆ ಹಾಗೇ ಮುಂದುವರಿಯಿತು.

ಕೊಡಗಿನಲ್ಲೂ ರಾಜ್ಯ ಹೋಗಿ ಕೋವಿ ಉಳಿಯಿತು. 1861ರಿಂದ ಇರುವ ಲೈಸೆನ್ಸ್ ವಿನಾಯಿತಿಯ ಬಲದಿಂದ ಅಲ್ಲಿಯ ಮನೆಗಳಲ್ಲಿ ಹಳೆಯ ಕೋವಿಗಳಿವೆ. 1972ರ ಕಾಯ್ದೆಯ ನಂತರ ಹಕ್ಕಿ ಹೊಡೆಯುವ ಮಾತಿಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಹೂವಿಟ್ಟು ಪೂಜಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೇಳಿದ ಊರಿಗೆ ಸುದ್ದಿ ತಿಳಿಯುತ್ತದೆ. ದುಲೀಪ್ ಸಿಂಗನ ಕೋವಿಗೆ ಅಂಥ ಊರು ಇರಲಿಲ್ಲ. ಅವನ ಮಕ್ಕಳಲ್ಲಿ ಯಾರ ವಂಶವೂ ಮುಂದುವರಿಯಲಿಲ್ಲ. ಹಿರಿಯ ಮಗಳು ಬಾಂಬಾ ಮಾತ್ರ ಲಾಹೋರಿಗೆ ಮರಳಿ ನೆಲೆಸಿದಳು. ನಾಸಿಕದಲ್ಲಿದ್ದ ಅಜ್ಜಿಯ ಅಸ್ಥಿಯನ್ನು 1924ರಲ್ಲಿ ಒಯ್ದು ರಣಜಿತ್ ಸಿಂಗನ ಸಮಾಧಿಯಲ್ಲಿ ಇರಿಸಿದವಳು ಅವಳೇ. ಅಪ್ಪ ಎಂದೂ ತಲುಪಲಾಗದ ಊರಿನಲ್ಲಿ, 1957ರಲ್ಲಿ, ಅವಳು ತೀರಿಕೊಂಡಳು.