ಧ್ರುವಪ್ರಭೆಯ ಬೆನ್ನು ಹತ್ತಿದ ಬಿರ್ಕೆಲಾಂಡ್

ಉತ್ತರಧ್ರುವದ ಬಳಿಯ ನಾಡುಗಳಲ್ಲಿ ಚಳಿಗಾಲದ ರಾತ್ರಿ ಹಸುರು ಕೆಂಪು ತೆರೆಗಳಂತೆ ಆಕಾಶದಲ್ಲಿ ಆಡುವ ಬೆಳಕೇ ಧ್ರುವಪ್ರಭೆ. ಅದು ಉಜ್ವಲವಾದಾಗ ದಿಕ್ಸೂಚಿಯ ಮುಳ್ಳು ತಡಬಡಿಸುತ್ತದೆ, ತಂತಿ ವ್ಯವಸ್ಥೆ ಕೆಡುವುದೂ ಉಂಟು. ಇದಕ್ಕೆ ಕಾಂತಬಿರುಗಾಳಿಯೆಂದು ಹೆಸರು. ಸೂರ್ಯನಿಂದ ಹಾರಿಬರುವ ವಿದ್ಯುತ್ಕಣಗಳೇ ಇದಕ್ಕೆ ಕಾರಣವೆಂದು ಪಟ್ಟು ಹಿಡಿದು ಆಯುಷ್ಯ ಸವೆಸಿದ ಕ್ರಿಸ್ತಿಯಾನ್ ಬಿರ್ಕೆಲಾಂಡನ ಕಥೆಯನ್ನು ಮಿತ್ರರ ಮುಂದಿಡಬೇಕೆಂದು ನನ್ನ ಆಸೆ.

ಆತ ಹುಟ್ಟಿದ್ದು ೧೮೬೭ರಲ್ಲಿ, ಇಂದು ಓಸ್ಲೊ ಎನ್ನುವ ನಾರ್ವೆಯ ನಗರದಲ್ಲಿ. ೧೮೯೮ರಲ್ಲಿ ಅಲ್ಲಿಯೇ ಪ್ರಾಧ್ಯಾಪಕನಾದ. ಹಾಯಾಗಿ ಪಾಠ ಹೇಳಿಕೊಂಡು ಇರಬಹುದಿತ್ತು. ಮರುವರ್ಷವೇ ದೇಶದ ಉತ್ತರ ತುದಿಯ ಹಾಲ್ಡೆ ಬೆಟ್ಟದ ನೆತ್ತಿಯಲ್ಲಿ ಕಲ್ಲುಮನೆ ಕಟ್ಟಿಸಿ, ಹಿಮದ ನಡುವೆ ಚಳಿಗಾಲವಿಡೀ ಮುಳ್ಳಿನ ಚಲನೆಯನ್ನು ಬರೆದಿಟ್ಟ. ಆ ಯಾತ್ರೆಯಲ್ಲಿ ಹಿಮ ಕುಸಿದು ತರುಣ ಸಂಗಡಿಗನೊಬ್ಬ ಸತ್ತ. ಆದರೂ ೧೯೦೨ರಲ್ಲಿ ನಾಲ್ಕು ಕಡೆ ಠಾಣೆ ಹಾಕಿಸಿದ.

ನನ್ನನ್ನು ಮರುಳುಮಾಡಿದ್ದು ಆತನ ಪ್ರಯೋಗಶಾಲೆ. ಗಾಳಿ ತೆಗೆದ ಪೆಟ್ಟಿಗೆಯೊಳಗೆ ಅಯಸ್ಕಾಂತವುಳ್ಳ ಗೋಳವೊಂದನ್ನಿಟ್ಟು, ಅದರ ಮೇಲೆ ವಿದ್ಯುತ್ಕಣಗಳನ್ನು ಹಾಯಿಸಿದ. ಪುಟ್ಟ ಭೂಮಿಯ ಎರಡೂ ಧ್ರುವಗಳ ಸುತ್ತ ಬೆಳಕಿನ ಉಂಗುರ ಮೂಡಿತು! ಕಣಗಳು ಕಾಂತರೇಖೆಗಳ ಗುಂಟ ಇಳಿದು ಮೇಲ್ವಾಯುವಿನಲ್ಲಿ ವಿದ್ಯುತ್ಪ್ರವಾಹ ಹರಿಸುತ್ತವೆಂದು ಆತ ತೀರ್ಮಾನಿಸಿದ.

ಪ್ರಯೋಗಕ್ಕೆ ಹಣ ಬೇಕಲ್ಲ? ವಿದ್ಯುತ್ತಿನಿಂದ ಗುಂಡು ಹಾರಿಸುವ ಫಿರಂಗಿ ಮಾಡಹೋಗಿ, ೧೯೦೩ರಲ್ಲಿ ಸಭಿಕರೆದುರಿಗೇ ಅದು ಕಿಡಿಯುಗುಳಿ ಕೆಟ್ಟಿತು. ಅಂಥ ಕಿಡಿಯಿಂದಲೇ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ವಿಧಾನವನ್ನು ಸ್ಯಾಮ್ ಐಡೆಯೊಡನೆ ಕಂಡುಹಿಡಿದ. ೧೯೦೫ರಲ್ಲಿ ನಾರ್ಸ್ಕ್ ಹೈಡ್ರೊ ಕಂಪನಿ ಹುಟ್ಟಿತು. ಬಂದ ಹಣವನ್ನು ಮತ್ತೆ ಧ್ರುವಪ್ರಭೆಗೇ ಸುರಿದ.

ಪಂಡಿತರು ಮಾತ್ರ ಒಪ್ಪಲಿಲ್ಲ. ಸೂರ್ಯನಿಗೆ ಅಷ್ಟು ಶಕ್ತಿ ಸಾಲದೆಂದು ಕೆಲ್ವಿನ್ ೧೮೯೨ರಲ್ಲೇ ಲೆಕ್ಕ ಹಾಕಿ ಹೇಳಿದ್ದ. ಪ್ರವಾಹವೆಲ್ಲ ವಾಯುಮಂಡಲದೊಳಗೇ ಸುತ್ತುತ್ತದೆಂಬುದು ಮುಂದೆ ಚಾಪ್‌ಮನ್ನನ ವಾದವಾಯಿತು. ನೆಲದ ಮೇಲಿನ ಅಳತೆಯಿಂದ ಈ ಜಗಳ ತೀರುವಂತೆಯೇ ಇರಲಿಲ್ಲ. ನಿದ್ರೆ ಬಾರದೆ ವೆರೊನಾಲ್ ಮಾತ್ರೆಗೆ ದಾಸನಾದ ಬಿರ್ಕೆಲಾಂಡ್, ೧೯೧೭ರ ಜೂನಿನಲ್ಲಿ ಟೋಕಿಯೊದ ಹೋಟೆಲೊಂದರಲ್ಲಿ ಒಬ್ಬಂಟಿಯಾಗಿ ತೀರಿಕೊಂಡ. ಐವತ್ತು ತುಂಬಿರಲಿಲ್ಲ.

೧೯೬೨ರಲ್ಲಿ ಮ್ಯಾರಿನರ್-೨ ನೌಕೆ ಸೌರಮಾರುತವನ್ನು ತಿಂಗಳುಗಟ್ಟಲೆ ಅಳೆಯಿತು. ಕಾಂತರೇಖೆಗಳ ಗುಂಟ ಹರಿಯುವ ಪ್ರವಾಹದ ಸುಳಿವನ್ನು ೧೯೬೬ರಲ್ಲಿ ಉಪಗ್ರಹವೊಂದು ಕೊಟ್ಟಿತು. ಅದಕ್ಕೀಗ ಬಿರ್ಕೆಲಾಂಡನದೇ ಹೆಸರು. ಬಿರುಗಾಳಿಯನ್ನು ಮುಂಗಾಣಲು ಇಂದು ಸೂರ್ಯನ ಕಡೆಗೆ ಸುಮಾರು ೧೫ ಲಕ್ಷ ಕಿಲೋಮೀಟರು ದೂರದಲ್ಲಿ ನೌಕೆಗಳಿವೆ. ೨೦೨೪ರ ಜನವರಿಯಲ್ಲಿ ನಮ್ಮ ಆದಿತ್ಯ-ಎಲ್೧ ಸಹ ಅಲ್ಲಿಗೆ ಸೇರಿತು. ಮಾರುತದ ವೇಗ ಹೆಚ್ಚಿ, ಅದರೊಡನೆ ಬರುವ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿ ನಿಂತರೆ ಬಿರುಗಾಳಿ ಬಂತೆಂದೇ ಎಣಿಕೆ. ವಿದ್ಯುತ್ ಜಾಲದವರಿಗೆ ಎಚ್ಚರಿಸಲು ಆಗ ಸಿಗುವ ಹೊತ್ತು ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ.