ಚವದಾರ ಕೆರೆಯ ನೀರು



ಈ ಸಲ ಶಾಲಾ ಪ್ರವಾಸದಲ್ಲಿ ರಾಯಗಡ ಕೋಟೆ ನೋಡಿದೆವು. ಕೋಟೆ ಬಗ್ಗೆ ಬೇರೆಯವರು ಬರೀತಾರೆ. ನಾನು ದಾರಿಯಲ್ಲಿ ನೋಡಿದ ಎರಡು ಜಾಗ ಮತ್ತು ಡಾ. ಬಾಬಾಸಾಹೇಬ ಅಂಬೇಡ್ಕರರ ಬಗ್ಗೆ ಬರೀತೇನೆ.

ಮೊದಲನೇದು ಸಾತಾರಾದ ಶಾಲೆ. ಅಂಬೇಡ್ಕರರು ಹುಟ್ಟಿದ್ದು ೧೮೯೧ರ ಏಪ್ರಿಲ್ ೧೪ರಂದು, ಈಗಿನ ಮಧ್ಯಪ್ರದೇಶದ ಮಹೂದಲ್ಲಿ. ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರು. ೧೯೦೦ರ ನವೆಂಬರ್ ೭ರಂದು ಮಗನ ಹೆಸರನ್ನು ಈ ಶಾಲೆಗೆ ಹಚ್ಚಿದರು. ಆದರೆ ಹುಡುಗ ಕೂರುವುದಕ್ಕೆ ಮನೆಯಿಂದ ಗೋಣಿತಟ್ಟು ತರಬೇಕು, ಸಂಜೆ ಹೊತ್ತುಕೊಂಡು ಹೋಗಬೇಕು. ಕಸ ಗುಡಿಸುವ ಆಳೂ ಅದನ್ನು ಮುಟ್ಟುತ್ತಿರಲಿಲ್ಲ. ನೀರಡಿಕೆಯಾದರೆ ನಳ ಮುಟ್ಟುವ ಹಾಗಿಲ್ಲ, ಜವಾನನೇ ತಿರುವಬೇಕು. ಜವಾನ ಇಲ್ಲದಿದ್ದರೆ ನೀರೂ ಇಲ್ಲ.

ಅದೇ ಹುಡುಗ ೧೯೧೩ರಲ್ಲಿ ಬರೋಡಾ ಮಹಾರಾಜರ ಸಹಾಯದಿಂದ ಅಮೆರಿಕಕ್ಕೆ, ಆಮೇಲೆ ಲಂಡನ್ನಿಗೆ ಹೋಗಿ ಓದಿ ಬ್ಯಾರಿಸ್ಟರ್ ಆದರು. ೧೯೨೫ರಲ್ಲಿ ನಮ್ಮ ಜಿಲ್ಲೆಯ ನಿಪ್ಪಾಣಿಗೂ ಸಮ್ಮೇಳನಕ್ಕೆ ಬಂದಿದ್ದರು.

ಎರಡನೇದು ಮಹಾಡದ ಚವದಾರ ಕೆರೆ. ಇದು ಎಲ್ಲರಿಗೂ ಮುಕ್ತ ಅಂತ ಪುರಸಭೆ ೧೯೨೪ರಲ್ಲೇ ಠರಾವು ಮಾಡಿತ್ತು. ಆದರೆ ಠರಾವು ಕಾಗದದಲ್ಲೇ ಉಳೀತು. ೧೯೨೭ರ ಮಾರ್ಚ್ ೨೦ರಂದು ಅಂಬೇಡ್ಕರರು ಸಾವಿರಾರು ಜನರ ಜೊತೆ ನಡೆದು ಬಂದು ಬೊಗಸೆಯಲ್ಲಿ ಈ ನೀರು ಕುಡಿದರು. ಇವರು ಗುಡಿಗೂ ನುಗ್ಗುತ್ತಾರೆ ಅಂತ ಸುಳ್ಳು ಸುದ್ದಿ ಹಬ್ಬಿ, ಬಂದವರಿಗೆ ಬಡಿಗೆ ಏಟು ಬಿದ್ದವು. ತಿರುಗಿ ಹೊಡೀಬೇಡಿ ಅಂತ ಅವರು ತಮ್ಮವರನ್ನು ತಡೆದರು. ಕೆರೆ ಮೈಲಿಗೆಯಾಯ್ತು ಅಂತ ಊರವರು ೧೦೮ ಕೊಡಗಳಿಂದ ಶುದ್ಧ ಮಾಡಿಸಿದರು. ಕೋರ್ಟಿನಲ್ಲಿ ಹೋರಾಡಿ ೧೯೩೭ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಗೆದ್ದರು. ಒಂದು ಬೊಗಸೆ ನೀರಿಗೆ ಹತ್ತು ವರ್ಷ!

ಮುಂದೆ ಅವರು ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರಾದರು. ಅದರ ೧೭ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ೧೯೫೬ರ ಡಿಸೆಂಬರ್ ೬ರಂದು ತೀರಿಕೊಂಡರು.

ಕೆರೆಯ ಮೆಟ್ಟಿಲ ಮೇಲೆ ಕುಂತಾಗ ನನ್ನ ಗೆಳತಿ ಒಂದು ಮಾತು ಹೇಳಿದಳು. ಅವಳ ಅಜ್ಜಿ ನಮ್ಮೂರ ಬಾವಿ ಹತ್ತಿರ ಖಾಲಿ ಕೊಡ ಹಿಡಕೊಂಡು, ಯಾರಾದರೂ ಸೇದಿ ಹಾಕಲಿ ಅಂತ ಕಾಯುತ್ತಿದ್ದರಂತೆ. ನನಗೆ ಮಾತೇ ಬರಲಿಲ್ಲ. ಊರಿಗೆ ಬಂದು ನಮ್ಮ ಅಜ್ಜಿಯನ್ನು ಕೇಳಿದೆ. ಹೌದು, ಕೊಡಕ್ಕೆ ಕೊಡ ತಾಗದ ಹಾಗೆ ಮೇಲಿಂದ ಸುರೀತಿದ್ದೆ ಅಂದಳು. ಆಮೇಲೆ ಬಹಳ ಹೊತ್ತು ಸುಮ್ಮನೆ ಕುಂತಳು.

ಒಂಬತ್ತು ವರ್ಷದಿಂದ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತೇವೆ. ಆದರೆ ಅವಳು ನಮ್ಮ ಮನೆಯಲ್ಲಿ ಒಂದು ದಿನವೂ ನೀರು ಕುಡಿದಿಲ್ಲ. ಇದು ನನಗೆ ಆ ಕೆರೆಯ ಹತ್ತಿರ ಹೊಳೀತು. ಬರುವ ರವಿವಾರ ಅವಳನ್ನು ಊಟಕ್ಕೆ ಕರೆದಿದ್ದೇನೆ. ಒಳಗೆ ನನ್ನ ಪಕ್ಕದಲ್ಲೇ ಕುಂತು ಉಣ್ಣುತ್ತಾಳೆ ಅಂತ ಅವ್ವನಿಗೆ ಹೇಳಿದ್ದೇನೆ. ಅವ್ವ ಇನ್ನೂ ಏನೂ ಅಂದಿಲ್ಲ.

ಇದನ್ನು ಬರೆಯಲೇನು ಅಂತ ಗೆಳತಿಯನ್ನು ಕೇಳಿದೆ. ಬರಿ ಅಂದಳು. ನೀವೂ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ.

– ೯ನೇ ತರಗತಿಯ ವಿದ್ಯಾರ್ಥಿನಿ